ತೂತು ಮುಚ್ಚದೆ ನೆಲ ನಿಲ್ಲದು



ಹಳೆಯ ಹಾಯಿದೋಣಿಯ ನೆಲ ಕೊಳೆತರೆ ಅದನ್ನು ಸರಿಮಾಡುವುದು ಹೇಗೆ? ಇವತ್ತಿನ ಮಾತು ಇದರ ಬಗ್ಗೆ. ದೋಣಿ ಫೈಬರಿನದು. ಕೊಳೆತದ್ದು ಮಾತ್ರ ಮರ. ಫೈಬರ್ ದೋಣಿಯೊಳಗೆ ಮರ ಎಲ್ಲಿಂದ ಬಂತು? ಬಂದ ಮರ ಯಾಕೆ ಕೊಳೆಯಿತು? ಕೊಳೆತದ್ದನ್ನು ತೆಗೆದು ಹೊಸದನ್ನು ಕೂರಿಸುವ ಕ್ರಮ ಯಾವುದು? ಅದು ಮತ್ತೆ ಕೊಳೆಯದಂತೆ ಏನು ಮಾಡಬೇಕು? ಈ ನಾಲ್ಕು ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಮೊದಲು ದೋಣಿಯ ಪರಿಚಯ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ರೋಡ್ ಐಲೆಂಡ್ ಎಂಬ ಚಿಕ್ಕ ರಾಜ್ಯವಿದೆ. ಅಲ್ಲಿ ಬ್ರಿಸ್ಟಲ್ ಎಂಬ ಬಂದರು ಪಟ್ಟಣ. 1950ರ ದಶಕದಲ್ಲಿ ಕ್ಲಿಂಟನ್ ಪಿಯರ್ಸನ್ ಮತ್ತು ಎವರೆಟ್ ಪಿಯರ್ಸನ್ ಎಂಬ ದಾಯಾದಿಗಳಿಬ್ಬರು ಅಲ್ಲಿ ಫೈಬರಿನ ಸಣ್ಣ ದೋಣಿಗಳನ್ನು ಮಾಡತೊಡಗಿದರು. 1959ರಲ್ಲಿ ನ್ಯೂಯಾರ್ಕಿನ ದೋಣಿ ಪ್ರದರ್ಶನಕ್ಕೆ ಅವರು 28 ಅಡಿ ಉದ್ದದ ಹಾಯಿದೋಣಿಯೊಂದನ್ನು ತಂದು ನಿಲ್ಲಿಸಿದರು. ಅದರ ಹೆಸರು ಟ್ರೈಟನ್. ವಿನ್ಯಾಸ ಮಾಡಿದವರು ಸ್ವೀಡನ್ನಿನಲ್ಲಿ ಹುಟ್ಟಿದ ಕಾರ್ಲ್ ಆಲ್ಬರ್ಗ್. ಒಳಗೆ ಮಲಗಲು ಜಾಗ ಉಂಟು, ಅಡುಗೆಗೆ ಒಲೆ ಉಂಟು. ಸಾಧಾರಣ ಸಂಸಾರವೊಂದು ಕೊಳ್ಳಬಹುದಾದ ಬೆಲೆ. 1967ರ ಹೊತ್ತಿಗೆ ಸುಮಾರು 700 ಟ್ರೈಟನ್ ದೋಣಿಗಳು ತಯಾರಾದವು. ಅದೇ ದಾರಿಯಲ್ಲಿ ಬೇರೆ ಬೇರೆ ಕಾರ್ಖಾನೆಗಳಿಂದ ಸಾವಿರಾರು ಫೈಬರ್ ಹಾಯಿದೋಣಿಗಳು ನೀರಿಗಿಳಿದವು.

ಇವತ್ತು ಆ ದೋಣಿಗಳಿಗೆ ಐವತ್ತು ಅರುವತ್ತು ವರ್ಷ ವಯಸ್ಸು. ಅವುಗಳ ಹೊರಮೈ ಇನ್ನೂ ಗಟ್ಟಿ. ಆ ಕಾಲದವರು ದಪ್ಪವಾಗಿಯೇ ಕಟ್ಟಿದ್ದರು. ಆದರೆ ಕಾಲಿಡುವ ನೆಲ ಮೆತ್ತಗಾಗಿರುತ್ತದೆ. ರೋಡ್ ಐಲೆಂಡಿನ ಒಂದು ಯಾರ್ಡಿನಲ್ಲಿ ಇಂಥ ದೋಣಿಯೊಂದರ ನೆಲ ಎಬ್ಬಿಸುವಾಗ ನಾನೂ ಕೈಜೋಡಿಸಿದ್ದೆ. ಆ ಕೆಲಸದ ಬಲದ ಮೇಲೆ ಈ ಮಾತು ಆಡುತ್ತಿದ್ದೇನೆ.

ನಾನು ಹೇಳುತ್ತಿರುವ ನೆಲ ಯಾವುದು? ಹಾಯಿದೋಣಿಯ ಹಿಂಭಾಗದಲ್ಲಿ ಒಂದು ತಗ್ಗು ಜಾಗ ಇರುತ್ತದೆ. ಅದನ್ನು ಕಾಕ್‌ಪಿಟ್ ಎನ್ನುತ್ತಾರೆ. ಎರಡು ಬದಿಗೂ ಕೂರುವ ಕಟ್ಟೆ. ನಡುವೆ ಕಾಲಿಡುವ ನೆಲ. ಐದಾರು ಅಡಿ ಉದ್ದ, ಎರಡು ಅಡಿಯಷ್ಟು ಅಗಲ. ಚುಕ್ಕಾಣಿ ಹಿಡಿದವರು ನಿಲ್ಲುವುದು ಇಲ್ಲೇ. ಹಾಯಿಯ ಹಗ್ಗ ಎಳೆಯುವವರು ಕಾಲೂರುವುದೂ ಇಲ್ಲೇ. ಗಾಳಿ ಜೋರಾದಾಗ ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ. ಆಗ ಇಡೀ ಮೈಭಾರ ಈ ನೆಲದ ಒಂದು ಅಂಚಿನ ಮೇಲೆ ಬೀಳುತ್ತದೆ. ಆ ಗಳಿಗೆಯಲ್ಲಿ ನೆಲ ಕುಸಿದರೆ ಮನುಷ್ಯ ಸಮುದ್ರದ ಪಾಲಾಗಬಹುದು. ಹಾಗಾಗಿ ಈ ಪುಟ್ಟ ನೆಲವನ್ನು ಅಲಕ್ಷ್ಯ ಮಾಡುವಂತಿಲ್ಲ.

ಈಗ ಮೊದಲ ಪ್ರಶ್ನೆ. ಫೈಬರ್ ದೋಣಿಯೊಳಗೆ ಮರ ಯಾಕೆ?

ಫೈಬರ್ ಎಂದರೆ ಗಾಜಿನ ನಾರಿನ ಬಟ್ಟೆ. ಅದಕ್ಕೆ ರೆಸಿನ್ ಎಂಬ ರಾಳ ಕುಡಿಸಿ ಗಟ್ಟಿಯಾಗಲು ಬಿಡುತ್ತಾರೆ. ಅದು ಸುಲಭಕ್ಕೆ ಹರಿಯುವುದಿಲ್ಲ, ಆದರೆ ತೆಳ್ಳಗಿದ್ದರೆ ಬಾಗುತ್ತದೆ. ಬಾಗದಿರಲಿ ಎಂದು ದಪ್ಪ ಮಾಡುತ್ತ ಹೋದರೆ ತೂಕ ಏರುತ್ತದೆ. ಇದಕ್ಕೆ ಕಟ್ಟುವವರು ಒಂದು ಉಪಾಯ ಕಂಡುಕೊಂಡರು. ಫೈಬರಿನ ಎರಡು ತೆಳು ಪದರಗಳನ್ನು ಮಾಡಿದರು. ನಡುವೆ ಹಗುರವಾದ ತಿರುಳೊಂದನ್ನು ಇಟ್ಟು ಮೂರನ್ನೂ ಬಿಗಿಯಾಗಿ ಅಂಟಿಸಿದರು. ಹೀಗೆ ಒಟ್ಟು ದಪ್ಪ ಎರಡರಷ್ಟಾದರೆ ನೆಲದ ಬಿಗಿತ ಸುಮಾರು 7 ಪಟ್ಟು ಹೆಚ್ಚುತ್ತದೆ. ದಪ್ಪ ನಾಲ್ಕರಷ್ಟಾದರೆ ಬಿಗಿತ 35 ಪಟ್ಟನ್ನೂ ಮೀರುತ್ತದೆ. ತೂಕ ಹೆಚ್ಚುವುದು ಮಾತ್ರ ತೀರಾ ಸ್ವಲ್ಪ.

ಆ ತಿರುಳಿಗೆ ಆರಿಸಿಕೊಂಡ ಮರ ಬಾಲ್ಸಾ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ ಹೇರಳವಾಗಿ ಬೆಳೆಯುತ್ತದೆ. ನಮ್ಮ ತೇಗದ ಮರ ಒಂದು ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ, ಬಾಲ್ಸಾ ತೂಗುವುದು ಸುಮಾರು 150 ಕಿಲೋ. 1947ರಲ್ಲಿ ಥಾರ್ ಹೆಯರ್ಡಾಲ್ ಮತ್ತು ಸಂಗಡಿಗರು ಪೆರುವಿನಿಂದ ಪಾಲಿನೇಷ್ಯಾದ ದ್ವೀಪಗಳಿಗೆ 101 ದಿನ ತೇಲಿಹೋದ ಕಾನ್‌ಟಿಕಿ ತೆಪ್ಪವೂ ಬಾಲ್ಸಾ ದಿಮ್ಮಿಗಳದೇ. ದೋಣಿಯ ನೆಲಕ್ಕೆ ಈ ಮರವನ್ನು ಉದ್ದುದ್ದ ಹಲಗೆಯಾಗಿ ಬಳಸುವುದಿಲ್ಲ. ಅಡ್ಡಕ್ಕೆ ಕೊಯ್ದು ಚಿಕ್ಕ ಚೌಕಗಳನ್ನು ಮಾಡುತ್ತಾರೆ. ಮರದ ನಾರು ನೆಟ್ಟಗೆ ಮೇಲ್ಮುಖವಾಗಿ ನಿಲ್ಲುವಂತೆ ಜೋಡಿಸುತ್ತಾರೆ. ಹಾಗೆ ನಿಂತ ನಾರು ಮೇಲಿನ ಭಾರವನ್ನು ಚೆನ್ನಾಗಿ ತಡೆಯುತ್ತದೆ.

ಅಂದರೆ ಮೂರು ಭಾಗ. ಮೇಲ್ಪದರ, ತಿರುಳು, ಕೆಳಪದರ. ಮೂರೂ ಒಂದಕ್ಕೊಂದು ಅಂಟಿಕೊಂಡಿರುವ ತನಕ ನೆಲ ಗಟ್ಟಿ. ಅಂಟು ಬಿಟ್ಟಿತೆಂದರೆ ಎರಡು ತೆಳು ಹಾಳೆಗಳಷ್ಟೇ ಉಳಿದವು. ಇದನ್ನು ನೆನಪಿನಲ್ಲಿಟ್ಟುಕೊಂಡು ಎರಡನೆಯ ಪ್ರಶ್ನೆಗೆ ಬರೋಣ. ಮರ ಕೊಳೆತದ್ದು ಯಾಕೆ?

ಮರವನ್ನು ಕೊಳೆಸುವುದು ಶಿಲೀಂಧ್ರ. ನಾವು ಬೂಷ್ಟು, ಅಣಬೆ ಎನ್ನುವ ಕುಲದ್ದೇ. ಅದಕ್ಕೆ ಆಹಾರ ಬೇಕು, ಗಾಳಿ ಬೇಕು, ಸ್ವಲ್ಪ ಬೆಚ್ಚಗಿರಬೇಕು, ಪಸೆ ಇರಬೇಕು. ಮೊದಲ ಮೂರನ್ನು ತಪ್ಪಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಪಸೆಯೊಂದೇ. ಮರದಲ್ಲಿ ನೀರಿನಂಶ ನೂರಕ್ಕೆ 20ರ ಕೆಳಗಿದ್ದರೆ ಶಿಲೀಂಧ್ರ ಬೆಳೆಯಲಾರದು. ಮೇಲೇರಿ ಅಲ್ಲೇ ನಿಂತರೆ ಬೆಳೆಯುತ್ತದೆ.

ಫೈಬರ್ ಪದರದ ಮೂಲಕ ಅಷ್ಟು ನೀರು ಸೋರಿ ಬರುವುದಿಲ್ಲ. ಹಾಗಾದರೆ ನೀರು ಬಂದದ್ದು ಎಲ್ಲಿಂದ? ತೂತಿನಿಂದ. ಕಾಕ್‌ಪಿಟ್ಟಿನ ನೆಲದಲ್ಲಿ ಎಷ್ಟು ತೂತುಗಳಿರುತ್ತವೆ ಎಂದು ಯೋಚಿಸಿ. ನೀರು ಹೊರಹೋಗುವ ಕೊಳವೆಗೆ ಒಂದೆರಡು. ಚುಕ್ಕಾಣಿಯ ಕಂಬ ಹಾಯುವಲ್ಲಿ ಒಂದು. ಕೆಳಗಿನ ಇಂಜಿನ್ ನೋಡಲು ಮುಚ್ಚಳ ಇದ್ದರೆ ಅದರ ಸುತ್ತ ಸಾಲು ಸ್ಕ್ರೂಗಳು. ಹಿಂದಿನ ಮಾಲೀಕರೊಬ್ಬರು ದಿಕ್ಸೂಚಿಗೆಂದು ಕೊರೆದದ್ದು. ಇನ್ನೊಬ್ಬರು ಮೇಜಿನ ಕಾಲಿಗೆಂದು ಕೊರೆದದ್ದು. ಪ್ರತಿ ತೂತೂ ಮೇಲ್ಪದರವನ್ನು ಸೀಳಿ ತಿರುಳಿಗೆ ತಲುಪುತ್ತದೆ. ನೀರು ತಡೆಯಲು ಸುತ್ತ ಹಚ್ಚಿದ ಸೀಲೆಂಟ್ ಕೆಲವು ವರ್ಷ ಬಾಳುತ್ತದೆ. ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ಮೇಲೆ ಮಳೆನೀರು ಹನಿ ಹನಿಯಾಗಿ ಒಳಗಿಳಿಯುತ್ತದೆ. ಇಳಿದ ನೀರಿಗೆ ಹೊರಬರಲು ದಾರಿಯಿಲ್ಲ. ಮೇಲೂ ಫೈಬರ್, ಕೆಳಗೂ ಫೈಬರ್.

ಇಲ್ಲಿ ಒಂದು ವಿಷಯ ಹೇಳಬೇಕು. ಮರ ಕೊಳೆಸುವುದರಲ್ಲಿ ಸಮುದ್ರದ ನೀರಿಗಿಂತ ಮಳೆನೀರೇ ಅಪಾಯಕಾರಿ. ಉಪ್ಪು ಶಿಲೀಂಧ್ರಕ್ಕೆ ಆಗಿಬರುವುದಿಲ್ಲ. ಹಾಗಾಗಿ ಸಮುದ್ರದಲ್ಲಿ ಓಡುವ ದೋಣಿಗಿಂತ ದಡದಲ್ಲಿ ವರ್ಷಗಟ್ಟಲೆ ಸುಮ್ಮನೆ ನಿಂತ ದೋಣಿಗೆ ಈ ಕಾಯಿಲೆ ಬೇಗ ಹಿಡಿಯುತ್ತದೆ. ನೀರಿನ ಕೊಳವೆಗೆ ತರಗೆಲೆ ಕಟ್ಟಿಕೊಂಡರೆ ನೆಲದ ಮೇಲೆ ಮಳೆನೀರು ನಿಂತೇ ಇರುತ್ತದೆ. ರೋಡ್ ಐಲೆಂಡಿನಂಥ ಕಡೆ ಇನ್ನೊಂದು ತೊಂದರೆಯೂ ಇದೆ. ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ನೀರು ನೂರಕ್ಕೆ 9ರಷ್ಟು ಉಬ್ಬುತ್ತದೆ. ಆ ಉಬ್ಬರಕ್ಕೆ ಪದರ ತಿರುಳಿನಿಂದ ಕಿತ್ತು ಬರುತ್ತದೆ.

ಇಲ್ಲಿಯ ತನಕ ಹೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳೋಣ. ನೆಲಕ್ಕೆ ಮೂರು ಭಾಗ. ನಡುವಿನದು ಮರ. ಮರ ಕೊಳೆಯಲು ಕಾರಣ ನೀರು. ನೀರಿನ ದಾರಿ ತೂತು. ಇನ್ನು ಕಾಯಿಲೆ ಎಷ್ಟು ದೂರ ಹರಡಿದೆ ಎಂದು ಪತ್ತೆಮಾಡುವುದು ಹೇಗೆ?

ಮೊದಲ ಪರೀಕ್ಷೆ ಕಾಲಿನದು. ಬರಿಗಾಲಲ್ಲಿ ನೆಲದ ಮೇಲೆ ನಡೆಯಿರಿ. ಹಿಮ್ಮಡಿ ಒತ್ತಿ ನೋಡಿ. ಕೊಳೆತ ಕಡೆ ನೆಲ ತಗ್ಗುತ್ತದೆ. ಕೆಲವೊಮ್ಮೆ ಸ್ಕ್ರೂ ಪಕ್ಕದಿಂದ ಕಂದು ಬಣ್ಣದ ನೀರು ಒಸರುತ್ತದೆ.

ಎರಡನೆಯ ಪರೀಕ್ಷೆ ಕಿವಿಯದು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇವಲ್ಲ, ಹಾಗೆಯೇ ಇದು. ಪ್ಲಾಸ್ಟಿಕ್ ತಲೆಯ ಪುಟ್ಟ ಸುತ್ತಿಗೆ ಸಾಕು, ಸ್ಕ್ರೂಡ್ರೈವರಿನ ಹಿಡಿಯೂ ಆದೀತು. ಅಂಗುಲ ಅಂಗುಲಕ್ಕೆ ತಟ್ಟುತ್ತ ಹೋಗಿ. ಆರೋಗ್ಯವಾಗಿರುವ ಕಡೆ ಟಕ್ ಟಕ್ ಎಂದು ಚುರುಕಾದ ಸದ್ದು. ಕೊಳೆತ ಕಡೆ ದಬ್ ದಬ್ ಎಂದು ಸತ್ತ ಸದ್ದು. ಸದ್ದು ಬದಲಾಗುವಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ. ಕೊನೆಗೆ ಆ ಗೀಟುಗಳೇ ಕಾಯಿಲೆಯ ನಕ್ಷೆ ತೋರಿಸುತ್ತವೆ.

ಮೂರನೆಯದು ಡ್ರಿಲ್ಲಿನ ಪರೀಕ್ಷೆ. ಗೀಟಿನ ಒಳಗೂ ಹೊರಗೂ ಅಲ್ಲಲ್ಲಿ ಸಣ್ಣ ತೂತು ಕೊರೆಯಿರಿ. ಮೇಲ್ಪದರ ದಾಟಿ ತಿರುಳಿಗೆ ಮುಟ್ಟಿದರೆ ಸಾಕು. ಕೆಳಪದರ ತೂತಾಗಬಾರದು. ಡ್ರಿಲ್ಲಿನ ಸುರುಳಿಗೆ ಹತ್ತಿ ಬಂದ ಹೊಟ್ಟನ್ನು ಬೆರಳಲ್ಲಿ ಉಜ್ಜಿ. ಒಣಗಿ ಬೆಳ್ಳಗಿದ್ದರೆ ಮರ ಸರಿಯಾಗಿದೆ. ಬೆಳ್ಳಗಿದ್ದು ಒದ್ದೆಯಾಗಿದ್ದರೆ ನೀರು ಬಂದಿದೆ, ಕೊಳೆ ಇನ್ನೂ ಶುರುವಾಗಿಲ್ಲ. ಕಂದಾಗಿ, ಕೆಸರಾಗಿ, ಹುಳಿ ನಾತ ಬಂದರೆ ಮರ ಲಡ್ಡಾಗಿದೆ. ಒಣ ಹೊಟ್ಟು ಬರುವ ತನಕ ಹೊರಕ್ಕೆ ಹೊರಕ್ಕೆ ಸರಿಯುತ್ತ ಕೊರೆಯಬೇಕು. ರಿಪೇರಿಯ ಗಡಿ ಅಲ್ಲಿದೆ.

ಗಡಿ ಸಿಕ್ಕಿತು. ಇನ್ನು ರಿಪೇರಿ. ಅದಕ್ಕೆ ಮುಂಚೆ ಎರಡು ಅಡ್ಡದಾರಿಗಳ ಬಗ್ಗೆ ಎಚ್ಚರಿಸುತ್ತೇನೆ.

ಒಂದನೆಯ ಅಡ್ಡದಾರಿ ಚುಚ್ಚುಮದ್ದು. ನೆಲದ ತುಂಬ ತೂತು ಕೊರೆದು ಸಿರಿಂಜಿನಲ್ಲಿ ತೆಳು ರೆಸಿನ್ ತುಂಬುವುದು. ಅಂಗೈಯಗಲದ ಒಣ ಜಾಗದಲ್ಲಿ ಪದರ ಬಿಟ್ಟುಕೊಂಡಿದ್ದರೆ ಇದು ನಡೆದೀತು. ಒದ್ದೆ ಮರದಲ್ಲಿ ನಡೆಯದು. ನೀರು ಕುಳಿತ ಜಾಗಕ್ಕೆ ರೆಸಿನ್ ಹೋಗುವುದಿಲ್ಲ. ಹೋದ ರೆಸಿನ್ನು ನೀರನ್ನು ಒಳಗೇ ಬೀಗ ಹಾಕಿ ಇಡುತ್ತದೆ.

ಎರಡನೆಯ ಅಡ್ಡದಾರಿ ಹೊದಿಕೆ. ಕೊಳೆತ ನೆಲದ ಮೇಲೆಯೇ ಪ್ಲೈವುಡ್ ಹಲಗೆ ಹಾಸಿ ಸ್ಕ್ರೂ ಬಿಗಿಯುವುದು. ಕಾಲಿಗೆ ಗಟ್ಟಿ ಅನ್ನಿಸುತ್ತದೆ. ಆದರೆ ಪ್ರತಿ ಸ್ಕ್ರೂವೂ ಒಂದು ಹೊಸ ತೂತು. ರೋಗದ ಬಾಗಿಲು ಇನ್ನಷ್ಟು ತೆರೆದ ಹಾಗಾಯಿತು. ಇಂಥ ದೋಣಿಯನ್ನು ಕೊಂಡವರು ಮುಂದೆ ಎರಡು ನೆಲಗಳನ್ನು ಕೀಳಬೇಕಾಗುತ್ತದೆ.

ನಿಜವಾದ ದಾರಿ ಒಂದೇ. ಮೇಲ್ಪದರ ಎಬ್ಬಿಸಬೇಕು, ಕೊಳೆತದ್ದನ್ನು ಪೂರ್ತಿ ತೆಗೆಯಬೇಕು, ಒಣಗಿಸಬೇಕು, ಹೊಸ ತಿರುಳು ಕೂರಿಸಬೇಕು, ಪದರ ಮುಚ್ಚಬೇಕು. ಒಂದೊಂದನ್ನೂ ವಿವರಿಸುತ್ತೇನೆ.

ಮೊದಲು ಕೊಯ್ತ. ಕೊಯ್ಯುವ ಮೊದಲು ನೆಲದ ಅಡಿಗೆ ತೂರಿ ಟಾರ್ಚ್ ಹಾಕಿ ನೋಡಿ. ಅಲ್ಲಿ ಇಂಜಿನ್ ಇರಬಹುದು, ಡೀಸೆಲ್ ಕೊಳವೆ ಇರಬಹುದು, ವಯರುಗಳಿರಬಹುದು. ಕೆಳಪದರಕ್ಕೆ ಅಡಿಯಿಂದ ಮರದ ಊರೆ ಕೊಡಿ. ಇಲ್ಲದಿದ್ದರೆ ತಿರುಳು ತೆಗೆದ ಮೇಲೆ ಅದು ಜೋತುಬೀಳುತ್ತದೆ. ನೆಲಕ್ಕೆ ಮೂಲದಲ್ಲಿ ಒಂದು ಇಳಿಜಾರು ಇರುತ್ತದೆ, ನೀರು ಕೊಳವೆಯ ಕಡೆ ಹರಿಯಲೆಂದು. ಆ ಇಳಿಜಾರು ಕೆಡಬಾರದು.

ನೆಲದ ಅಂಚಿನಿಂದ ಎರಡು ಅಂಗುಲ ಒಳಗೆ ಗೀಟು ಎಳೆಯಿರಿ. ಆ ಎರಡು ಅಂಗುಲದ ಪಟ್ಟಿ ಹಾಗೆಯೇ ಉಳಿಯಬೇಕು. ಹೊಸ ಬೆಸುಗೆಗೆ ಆಧಾರ ಅದೇ. ಕತ್ತರಿಸುವ ಬಿಲ್ಲೆಯ ಆಳವನ್ನು ಮೇಲ್ಪದರದ ದಪ್ಪಕ್ಕೆ ಸರಿಯಾಗಿ ಹೊಂದಿಸಿ. ಆ ಪದರ ಮೂರು ನಾಲ್ಕು ಮಿಲಿಮೀಟರ್ ಇರಬಹುದು. ಮೂಲೆಗಳನ್ನು ದುಂಡಗೆ ಕೊಯ್ಯಿರಿ. ಚೂಪು ಮೂಲೆಯಿಂದಲೇ ಮುಂದೆ ಬಿರುಕು ಶುರುವಾಗುವುದು.

ಕೊಯ್ದ ಪದರದ ಅಡಿಗೆ ಅಗಲವಾದ ಉಳಿ ತೂರಿಸಿ ಮೀಟಬೇಕು. ಕೊಳೆತ ಕಡೆ ಅದು ತಾನಾಗಿ ಎದ್ದುಬರುತ್ತದೆ. ನಮ್ಮ ದೋಣಿಯಲ್ಲಿ ಹಾಗೆ ಎದ್ದಾಗ ಕಂಡದ್ದನ್ನು ಹೇಳುತ್ತೇನೆ. ಚುಕ್ಕಾಣಿಯ ಹತ್ತಿರದ ಚೌಕಗಳು ಕಪ್ಪಗಾಗಿದ್ದವು. ಒಂದು ಚೂರನ್ನು ಎತ್ತಿ ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ನೀರು ಇಳಿಯಿತು. ಮುಷ್ಟಿ ಬಿಚ್ಚಿದರೆ ಕೈಯಲ್ಲಿ ಮರ ಇರಲಿಲ್ಲ, ಬರೀ ನಾರಿನ ಮುದ್ದೆ. ಅಲ್ಲಿಂದ ಎರಡಡಿ ಆಚೆಗೆ ಚೌಕಗಳು ಕಂದು. ಇನ್ನೂ ಆಚೆಗೆ, ದೋಣಿಯ ಒಳಕ್ಕೆ ಇಳಿಯುವ ಬಾಗಿಲ ಹತ್ತಿರ, ಕಾರ್ಖಾನೆಯಿಂದ ಬಂದ ದಿನದ ಹಾಗೆ ಬೆಳ್ಳಗೆ, ಒಣಗಿ, ಗಟ್ಟಿಯಾಗಿ ಕೂತಿದ್ದವು. ಒಂದೇ ನೆಲ, ಒಂದೇ ಮರ, ಒಂದೇ ವಯಸ್ಸು. ವ್ಯತ್ಯಾಸ ಇದ್ದದ್ದು ತೂತಿನಿಂದ ಇದ್ದ ದೂರದಲ್ಲಿ ಮಾತ್ರ.

ಕೊಳೆತದ್ದೆಲ್ಲ ಹೋಗಬೇಕು. ಒದ್ದೆಯಾಗಿರುವ ಬಿಳಿ ಮರವೂ ಒಣಗದಿದ್ದರೆ ಹೋಗಬೇಕು. ಅಂಚಿನ ಪಟ್ಟಿಯ ಅಡಿಯಲ್ಲಿ ಅಡಗಿರುವ ಮರಕ್ಕೆ ಉಳಿ ತಾಗುವುದಿಲ್ಲ. ಕೊಕ್ಕೆಯಂತೆ ಬಾಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದರೆ ಅದೂ ಕೆರೆದು ಬರುತ್ತದೆ. ಕೊನೆಗೆ ಕೆಳಪದರವನ್ನು ಒರಟು ಸ್ಯಾಂಡ್ ಪೇಪರಿನಿಂದ ತಿಕ್ಕಿ ಹೊಳಪು ಹೋಗಿಸಬೇಕು. ಹೊಳಪಿನ ಮೇಲೆ ಅಂಟು ಹಿಡಿಯದು.

ಈ ಹಂತದಲ್ಲಿ ಮೈಗೆ ಎಚ್ಚರ ಬೇಕು. ಫೈಬರ್ ಪುಡಿ ಎಂದರೆ ಗಾಜಿನ ಪುಡಿ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಮುಖಕ್ಕೆ ಕಟ್ಟಿದ ಕರವಸ್ತ್ರ ಸಾಲದು. ಸರಿಯಾದ ಮಾಸ್ಕ್, ಕನ್ನಡಕ, ಕೈಗವಸು, ಉದ್ದ ತೋಳಿನ ಅಂಗಿ, ಇವಿಲ್ಲದೆ ಗ್ರೈಂಡರ್ ಮುಟ್ಟಬೇಡಿ.

ಪದರ ಎದ್ದಿತು, ಕೊಳೆ ಹೋಯಿತು. ಮುಂದಿನದು ಒಣಗಿಸುವುದು. ಕೇಳುಗರೇ, ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಹಂತ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಅಂಚಿನಲ್ಲಿ ಉಳಿದ ಹಳೆಯ ಮರ ನೀರು ಕುಡಿದಿರುತ್ತದೆ. ನೋಡಲು ಒಂದು ಬಿಸಿಲಿಗೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಪಸೆ ಇರುತ್ತದೆ. ದೋಣಿಯ ಮೇಲೆ ಟಾರ್ಪಾಲಿನ ಚಪ್ಪರ ಹಾಕಿ. ಫ್ಯಾನ್ ಇಡಿ. ಚಳಿಯ ಊರಾದರೆ ಹೀಟರ್ ಇಡಿ. ದಿನಗಳಲ್ಲ, ವಾರಗಳು ಬೇಕಾಗಬಹುದು.

ಒಣಗಿದೆಯೋ ಇಲ್ಲವೋ ತಿಳಿಯಲು ಸುಲಭದ ಪರೀಕ್ಷೆ ಒಂದಿದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ತುಂಡನ್ನು ಮರದ ಮೇಲಿಟ್ಟು ನಾಲ್ಕೂ ಬದಿ ಟೇಪ್ ಅಂಟಿಸಿ. ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಮೂಡಿದ್ದರೆ ಇನ್ನೂ ಕಾಯಬೇಕು. ಪಸೆ ಅಳೆಯುವ ಮೀಟರ್ ಇದ್ದರೆ ನೂರಕ್ಕೆ 12ರ ಆಸುಪಾಸಿಗೆ ಇಳಿದ ಮೇಲೆ ಮುಂದುವರಿಯಿರಿ.

ಇನ್ನು ಹೊಸ ತಿರುಳು. ಮೂರು ಆಯ್ಕೆಗಳಿವೆ. ಮತ್ತೆ ಬಾಲ್ಸಾ ಹಾಕಬಹುದು. ಅದು ಹಗುರ, ಹಳೆಯದಕ್ಕೆ ಸರಿಹೊಂದುತ್ತದೆ. ಪಿವಿಸಿ ಫೋಮ್ ಹಾಕಬಹುದು. ಅದು ಕೊಳೆಯುವುದಿಲ್ಲ, ಬೆಲೆ ಹೆಚ್ಚು. ಸಮುದ್ರಕ್ಕೆಂದೇ ಮಾಡಿದ ಮೆರೀನ್ ಪ್ಲೈವುಡ್ ಹಾಕಬಹುದು. ಅದು ಭಾರ, ಆದರೆ ಗಟ್ಟಿ. ಪ್ಲೈವುಡ್ ಹಾಕುವುದಾದರೆ ಒಂದೇ ದೊಡ್ಡ ಹಲಗೆ ಬೇಡ. ಚಿಕ್ಕ ಚೌಕಗಳಾಗಿ ಕೊಯ್ದು ನಡುನಡುವೆ ಎಪಾಕ್ಸಿ ಎಂಬ ಅಂಟುರಾಳ ತುಂಬಿ. ಮುಂದೆ ಒಂದು ಕಡೆ ನೀರು ಬಂದರೂ ಪಕ್ಕದ ಚೌಕಕ್ಕೆ ದಾಟುವುದು ಕಷ್ಟವಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಕಾಲಿಡುವ ಜಾಗಕ್ಕೆ ಬಾಲ್ಸಾ ಇಲ್ಲವೆ ಫೋಮ್, ಬೋಲ್ಟು ಬೀಳುವ ಜಾಗಕ್ಕೆ ಪ್ಲೈವುಡ್. ಯಾವುದೇ ಆದರೂ ದಪ್ಪ ಹಳೆಯ ತಿರುಳಿನಷ್ಟೇ ಇರಬೇಕು.

ಅಂಟಿಸಲು ಎಪಾಕ್ಸಿಯೇ ಬೇಕು. ಹಳೆಯ ದೋಣಿಗಳನ್ನು ಕಟ್ಟಿದ್ದು ಪಾಲಿಯೆಸ್ಟರ್ ರೆಸಿನ್ನಿನಿಂದ. ಹೊಸತಾಗಿ ಕಟ್ಟುವಾಗ ಅದು ಸಾಕು. ಆದರೆ ಗಟ್ಟಿಯಾದ ಹಳೆಯ ಪದರವನ್ನು ಹಿಡಿಯುವ ಶಕ್ತಿ ಎಪಾಕ್ಸಿಗೆ ಹೆಚ್ಚು. ಎಪಾಕ್ಸಿಯಲ್ಲಿ ಎರಡು ಡಬ್ಬ, ರೆಸಿನ್ ಮತ್ತು ಹಾರ್ಡ್ನರ್. ಕಂಪನಿಗೆ ತಕ್ಕಂತೆ ಐದಕ್ಕೆ ಒಂದು, ಮೂರಕ್ಕೆ ಒಂದು, ಎರಡಕ್ಕೆ ಒಂದು ಎಂಬ ಪಾಲು ಇರುತ್ತದೆ. ಡಬ್ಬದ ಮೇಲೆ ಬರೆದ ಪಾಲನ್ನು ಮೀರಬೇಡಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್ನರ್ ಹೆಚ್ಚು ಸುರಿದರೆ ಅದು ಎಂದಿಗೂ ಪೂರ್ತಿ ಗಟ್ಟಿಯಾಗುವುದಿಲ್ಲ. ಬೇಗ ಬೇಕಾದರೆ ಬೇಗ ಹಿಡಿಯುವ ಹಾರ್ಡ್ನರನ್ನೇ ಕೊಳ್ಳಿ. ಕಲಸಿದ್ದನ್ನು ಆಳವಾದ ಲೋಟದಲ್ಲಿ ಬಿಡಬೇಡಿ. ತನ್ನ ಕಾವಿಗೆ ತಾನೇ ಕುದಿದು ಹೊಗೆಯಾಡುತ್ತದೆ. ಅಗಲವಾದ ತಟ್ಟೆಗೆ ಸುರಿದುಕೊಳ್ಳಿ.

ಕೂರಿಸುವ ಕ್ರಮ ಹೀಗೆ. ಕೆಳಪದರಕ್ಕೆ ಮತ್ತು ಹೊಸ ತಿರುಳಿನ ಎರಡೂ ಮುಖಕ್ಕೆ ತೆಳು ಎಪಾಕ್ಸಿ ಹಚ್ಚಿ. ಮರ ಅದನ್ನು ಕುಡಿಯಲಿ. ಆಮೇಲೆ ಫಿಲ್ಲರ್ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ಹಲ್ಲಿರುವ ಕರಣೆಯಿಂದ ಬಳಿಯಿರಿ. ಕರಣೆಯಲ್ಲಿ ಎತ್ತಿದರೆ ಜಾರದೆ ನಿಲ್ಲುವಷ್ಟು ಗಟ್ಟಿ ಇರಬೇಕು. ತಿರುಳನ್ನು ಅದರ ಮೇಲಿಟ್ಟು ಒತ್ತಿ. ಸಂದಿಗಳಿಂದ ಎಪಾಕ್ಸಿ ಉಕ್ಕಿ ಬಂದರೆ ಅಡಿಯಲ್ಲಿ ಗಾಳಿ ಉಳಿದಿಲ್ಲವೆಂದು ಅರ್ಥ. ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಮರಳಿನ ಚೀಲಗಳ ಭಾರ ಹೇರಿ.

ಕೊಯ್ದು ತೆಗೆದ ಮೇಲ್ಪದರ ಚೆನ್ನಾಗಿದ್ದರೆ ಅದನ್ನೇ ಮತ್ತೆ ಬಳಸಬಹುದು. ಅದರ ಅಡಿಮುಖವನ್ನು ತಿಕ್ಕಿ, ಎಪಾಕ್ಸಿ ಬಳಿದು, ಅದೇ ಜಾಗದಲ್ಲಿ ಕೂರಿಸಿ. ಈಗ ಸುತ್ತಲೂ ಬಿಲ್ಲೆ ಕೊಯ್ದ ಗೆರೆಯೊಂದು ಉಳಿಯುತ್ತದೆ. ಆ ಗೆರೆಗೆ ಬರೀ ಪುಟ್ಟಿ ತುಂಬಿದರೆ ಸಾಲದು. ಗೆರೆಯ ಎರಡೂ ಬದಿಯನ್ನು ಗ್ರೈಂಡರಿನಿಂದ ಇಳಿಜಾರಾಗಿ ಸವೆಸಬೇಕು. ಪದರದ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರು ಹೋಗಬೇಕು. ಮೂರು ಮಿಲಿಮೀಟರ್ ಪದರಕ್ಕೆ ಒಂದೊಂದು ಬದಿಗೂ ಮೂರೂವರೆ ಸೆಂಟಿಮೀಟರಿನಷ್ಟು. ಆ ತಗ್ಗಿನಲ್ಲಿ ಗಾಜಿನ ಬಟ್ಟೆಯ ಪಟ್ಟಿಗಳನ್ನು ಒಂದರ ಮೇಲೊಂದು ಎಪಾಕ್ಸಿಯಲ್ಲಿ ನೆನೆಸಿ ಕೂರಿಸಬೇಕು. ಆಗ ಹಳೆಯ ಪದರ ಹೊಸ ಪದರಕ್ಕೆ ಭಾರ ದಾಟಿಸುತ್ತದೆ.

ಗಟ್ಟಿಯಾದ ಎಪಾಕ್ಸಿಯ ಮೇಲೆ ಕೆಲವೊಮ್ಮೆ ಜಿಡ್ಡಿನ ತೆಳು ಪರೆ ಕಟ್ಟುತ್ತದೆ. ತಿಕ್ಕುವ ಮುಂಚೆ ಅದನ್ನು ಬರೀ ನೀರಿನಿಂದ ಉಜ್ಜಿ ತೊಳೆಯಿರಿ. ಇಲ್ಲದಿದ್ದರೆ ಮುಂದಿನ ಲೇಪ ಹಿಡಿಯುವುದಿಲ್ಲ. ಕೊನೆಗೆ ಬಣ್ಣ. ಬಣ್ಣ ಚೆಂದಕ್ಕೆ ಮಾತ್ರವಲ್ಲ. ಬಿಸಿಲಿಗೆ ಎಪಾಕ್ಸಿ ಹಾಳಾಗುತ್ತದೆ, ಬಣ್ಣ ಅದಕ್ಕೆ ನೆರಳು. ಕಾಲು ಜಾರದಂತೆ ಬಣ್ಣದಲ್ಲಿ ಸಣ್ಣ ಮರಳು ಬೆರೆಸುವುದು ವಾಡಿಕೆ.

ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು. ಮರ ಯಾಕೆ ಇದೆ, ಯಾಕೆ ಕೊಳೆಯಿತು, ಹೇಗೆ ಬದಲಿಸುವುದು. ಉಳಿದದ್ದು ನಾಲ್ಕನೆಯದು. ಮತ್ತೆ ಕೊಳೆಯದಂತೆ ಏನು ಮಾಡಬೇಕು? ನನ್ನ ಮಾತಿನ ಮುಖ್ಯ ಭಾಗ ಇದು. ಇದನ್ನು ಬಿಟ್ಟರೆ ಹಿಂದೆ ಹೇಳಿದ ದುಡಿಮೆಯೆಲ್ಲ ವ್ಯರ್ಥ.

ನೆಲ ಸಿದ್ಧವಾದ ಮೇಲೆ ಕಳಚಿಟ್ಟ ಸಾಮಾನುಗಳನ್ನು ಮತ್ತೆ ಬಿಗಿಯಬೇಕು. ಅಂದರೆ ಮತ್ತೆ ತೂತು ಕೊರೆಯಬೇಕು. ಇಲ್ಲಿ ಒಂದು ನಿಯಮ. ಬೋಲ್ಟು ಎಂದೂ ಮರವನ್ನು ಮುಟ್ಟಬಾರದು. ಅದು ಹೇಗೆ ಸಾಧ್ಯ? ಆರು ಮಿಲಿಮೀಟರ್ ಬೋಲ್ಟು ಎಂದಿಟ್ಟುಕೊಳ್ಳಿ. ಮೊದಲು ಅದರ ಎರಡರಷ್ಟು, ಹನ್ನೆರಡು ಮಿಲಿಮೀಟರ್ ಅಗಲದ ತೂತು ಕೊರೆಯಿರಿ. ಮೇಲ್ಪದರ ಮತ್ತು ತಿರುಳು ತೂತಾಗಲಿ, ಕೆಳಪದರ ಉಳಿಯಲಿ. ಬಾಗಿಸಿದ ಮೊಳೆಯಿಂದ ಒಳಗಿನ ಮರವನ್ನು ಸುತ್ತಲೂ ಇನ್ನಷ್ಟು ಕೆರೆಯಿರಿ. ಆ ಪೊಳ್ಳಿಗೆ ಗಟ್ಟಿ ಎಪಾಕ್ಸಿ ತುಂಬಿ. ಅದು ಪೂರ್ತಿ ಗಟ್ಟಿಯಾದ ಮೇಲೆ ನಟ್ಟನಡುವೆ ಆರು ಮಿಲಿಮೀಟರ್ ತೂತು ಕೊರೆದು ಬೋಲ್ಟು ಇಳಿಸಿ.

ಏನಾಯಿತು ನೋಡಿ. ಬೋಲ್ಟಿನ ಸುತ್ತ ಎಪಾಕ್ಸಿಯ ಗೋಡೆ ಬಂತು. ಮುಂದೊಂದು ದಿನ ಸೀಲೆಂಟ್ ಬಿರಿದರೆ ನೀರು ಕೆಳಗೆ ತೊಟ್ಟಿಕ್ಕೀತು. ಮರಕ್ಕೆ ತಾಗದು. ತೊಟ್ಟಿಕ್ಕುವುದು ಕಣ್ಣಿಗೆ ಬೀಳುತ್ತದೆ, ಸರಿಮಾಡಬಹುದು. ಕೊಳವೆಯ ತೂತಿಗೂ, ಮುಚ್ಚಳದ ಅಂಚಿಗೂ ಇದೇ ಕ್ರಮ. ಒಂದು ತೂತಿಗೆ ಚಮಚದಷ್ಟು ಎಪಾಕ್ಸಿ ಸಾಕು. ಕಾರ್ಖಾನೆಯವರೂ ಹಿಂದಿನ ಮಾಲೀಕರೂ ಪ್ರತಿ ತೂತಿಗೂ ಇದನ್ನು ಮಾಡಿದ್ದರೆ ಈ ರಿಪೇರಿಯ ಅಗತ್ಯವೇ ಬರುತ್ತಿರಲಿಲ್ಲ.

ತಿರುಳಿಗೆ ಮರ ಹಾಕಿದ್ದೇ ತಪ್ಪು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ನೆರೆಯ ಗೋವೆಯನ್ನೇ ನೋಡಿ. ಅಲ್ಲಿ ಕಟ್ಟಿದ ನೌಕಾಪಡೆಯ ಹಾಯಿದೋಣಿಗಳು ಮ್ಹಾದೇಯಿ ಮತ್ತು ತಾರಿಣಿ. ಎರಡರದ್ದೂ ಮರದ ತಿರುಳು, ಅದರ ಮೇಲೆ ಫೈಬರ್. ಮ್ಹಾದೇಯಿಯಲ್ಲಿ ದಿಲೀಪ್ ದೊಂಡೆ 2009 ಮತ್ತು 2010ರಲ್ಲಿ ಒಬ್ಬರೇ ಭೂಮಿ ಸುತ್ತಿದರು. ಅದೇ ದೋಣಿಯಲ್ಲಿ ಅಭಿಲಾಷ್ ಟೋಮಿ 2012 ಮತ್ತು 2013ರಲ್ಲಿ ಎಲ್ಲೂ ನಿಲ್ಲದೆ ಸುತ್ತಿ ಬಂದರು. ತಾರಿಣಿಯಲ್ಲಿ ವರ್ತಿಕಾ ಜೋಶಿ ಅವರ ನಾಯಕತ್ವದ ಆರು ಮಂದಿ ಮಹಿಳಾ ಅಧಿಕಾರಿಗಳು 2017ರಲ್ಲಿ ಹೊರಟು 2018ರಲ್ಲಿ ಮರಳಿದರು. ದಕ್ಷಿಣ ಮಹಾಸಾಗರದ ಅಲೆಗಳನ್ನು ಆ ಮರದ ತಿರುಳು ತಡೆದುಕೊಂಡಿತು. ಮರ ಒಣಗಿದ್ದರೆ ಗಟ್ಟಿ. ಅದನ್ನು ಒಣದಾಗಿ ಇಟ್ಟುಕೊಳ್ಳುವುದು ಮನುಷ್ಯನ ಕೆಲಸ.

ಇಷ್ಟೆಲ್ಲ ಕಷ್ಟಪಟ್ಟು ಹಳೆಯ ದೋಣಿ ಯಾಕೆ ಉಳಿಸಬೇಕು? ಉತ್ತರ ಸರಳ. ಫೈಬರ್ ಕೊಳೆಯುವುದಿಲ್ಲ. ಕರಗಿಸಿ ಮತ್ತೆ ಅಚ್ಚು ಹಾಕಲೂ ಬಾರದು. ಬಿಟ್ಟುಹೋದ ಫೈಬರ್ ದೋಣಿ ದಡದಲ್ಲಿ ತಲೆಮಾರುಗಟ್ಟಲೆ ಕಸವಾಗಿ ಬಿದ್ದಿರುತ್ತದೆ. ರೋಡ್ ಐಲೆಂಡಿನಲ್ಲಿ ಅವುಗಳನ್ನು ಪುಡಿಮಾಡಿ ಸಿಮೆಂಟ್ ಗೂಡಿಗೆ ಕಳಿಸುವ ಪ್ರಯೋಗ ನಡೆದಿದೆ. ಅದು ಖರ್ಚಿನ ದಾರಿ. ಗಟ್ಟಿ ಮೈಯ ದೋಣಿಯೊಂದು ಹತ್ತು ಹನ್ನೆರಡು ಚದರ ಅಡಿ ಕೊಳೆತ ನೆಲಕ್ಕಾಗಿ ಕಸದ ಪಾಲಾಗುವುದು ನ್ಯಾಯವಲ್ಲ.

ಕೊನೆಯದಾಗಿ ನಮ್ಮ ಕರಾವಳಿಯ ಕೇಳುಗರಿಗೆ ಒಂದು ಮಾತು. ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳಲ್ಲಿ ಈಗ ಫೈಬರ್ ದೋಣಿಗಳೇ ಸಾಲುಸಾಲು. ಮರದ ಮೇಲೆ ಫೈಬರ್ ಹೊದಿಸಿದವೂ ಇವೆ. ಎಷ್ಟೋ ಸಣ್ಣ ಫೈಬರ್ ದೋಣಿಗಳಲ್ಲಿ ಔಟ್‌ಬೋರ್ಡ್ ಇಂಜಿನ್ ಕೂರಿಸುವ ಹಿಂಬದಿಯ ಹಲಗೆಯೊಳಗೆ ಪ್ಲೈವುಡ್ ಇರುತ್ತದೆ. ಇಂಜಿನ್ನಿನ ಬೋಲ್ಟುಗಳು ಅದನ್ನು ತೂರಿಯೇ ಹೋಗುತ್ತವೆ. ನಾನು ಹೇಳಿದ ನೀರಿನ ದಾರಿ ಅಲ್ಲಿಯೂ ಇದೆ. ನೀವು ಪಾಲಿಯೆಸ್ಟರ್ ರೆಸಿನ್ ಬಳಸುವವರಾದರೆ ಇನ್ನೊಂದು ಎಚ್ಚರಿಕೆ. ಅದನ್ನು ಗಟ್ಟಿಯಾಗಿಸಲು ಹಾಕುವ ಕೋಬಾಲ್ಟ್ ಮತ್ತು ಕೆಟಲಿಸ್ಟನ್ನು ನೇರವಾಗಿ ಒಂದಕ್ಕೊಂದು ಎಂದೂ ಬೆರೆಸಬೇಡಿ, ಬೆಂಕಿ ಏಳುತ್ತದೆ. ಒಂದನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿದ ಮೇಲೆಯೇ ಇನ್ನೊಂದು. ಕೆಟಲಿಸ್ಟ್ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕನ್ನಡಕ ಹಾಕಿಕೊಳ್ಳಿ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನಗಳ ರಜೆ. ದೋಣಿಗಳು ದಡದಲ್ಲಿರುತ್ತವೆ, ಮೇಲೆ ಮಳೆ ಸುರಿಯುತ್ತಿರುತ್ತದೆ. ಆ ಮಳೆ ಬರುವ ಮುಂಚೆ ಒಂದು ದಿನ ಬಿಡುವು ಮಾಡಿಕೊಳ್ಳಿ. ಸುತ್ತಿಗೆ ಹಿಡಿದು ನಿಮ್ಮ ದೋಣಿಯ ಪ್ರತಿ ಬೋಲ್ಟಿನ ಸುತ್ತ ತಟ್ಟಿ ನೋಡಿ. ಸತ್ತ ಸದ್ದು ಬಂದಲ್ಲಿ ಬೋಲ್ಟು ಬಿಚ್ಚಿ. ಮರ ಒಣಗಿದ್ದರೆ ಎಪಾಕ್ಸಿ ತುಂಬಿ ಮುಚ್ಚಿ. ಒದ್ದೆಯಿದ್ದರೆ ಒಣಗಿಸಿ ಮುಚ್ಚಿ. ಲಡ್ಡಾಗಿದ್ದರೆ ಮುಂದಿನ ವರ್ಷಕ್ಕೆ ಮುಂದೂಡದೆ ಈಗಲೇ ಕಿತ್ತು ಹೊಸದು ಹಾಕಿ.